ಎಡಗಾಲಿನ ಚಿತ್ರಕ್ಕೆ ನಮ್ಮೂರಿನ ಅಭಿಪ್ರಾಯ

ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಒಳಗೆ ಹೋಗುವ ರಸ್ತೆಯ ಬದಿಯಲ್ಲಿರುವ ನಮ್ಮ ಗ್ರಂಥಾಲಯದಲ್ಲಿ ವರ್ಷಕ್ಕೆ ನಾಲ್ಕೈದು ಚಲನಚಿತ್ರಗಳನ್ನು ತೋರಿಸುವ ರೂಢಿಯಿದೆ. ಚಿತ್ರ ಮುಗಿದ ಮೇಲೆ ಬಾಗಿಲ ಬಳಿ ಇಟ್ಟಿರುವ ಗೆರೆ ಹಾಳೆಯ ಪುಸ್ತಕದಲ್ಲಿ ಅಭಿಪ್ರಾಯ ಬರೆಯುವುದೂ ರೂಢಿಯೇ. ಆ ಪುಸ್ತಕವನ್ನು ತಿರುವಿ ಹಾಕಿದರೆ ಸಿಗುವುದು ಹಲವು ವರ್ಷಗಳ ‘ಚೆನ್ನಾಗಿದೆ’, ‘ಉತ್ತಮ ಪ್ರಯತ್ನ’, ‘ಎಲ್ಲರೂ ನೋಡಬೇಕಾದ ಚಿತ್ರ’ ಎಂಬ ಮಾತುಗಳು ಮತ್ತು ಅವುಗಳ ಕೆಳಗೆ ಬಹಳ ಶ್ರದ್ಧೆಯಿಂದ ಹಾಕಿದ ಸಹಿಗಳು. ಕಳೆದ ಡಿಸೆಂಬರಿನಲ್ಲಿ, 3ನೆಯ ತಾರೀಕಿಗೆ ಬರುವ ಅಂಗವಿಕಲರ ದಿನಕ್ಕೆ ಸಮೀಪದ ಆದಿತ್ಯವಾರದಂದು ‘ಮೈ ಲೆಫ್ಟ್ ಫುಟ್’ ತೋರಿಸುವುದೆಂದು ಸಮಿತಿಯಲ್ಲಿ ತೀರ್ಮಾನವಾದಾಗ, ಈ ಸಲವಾದರೂ ಜನ ನಿಜವಾಗಿ ಏನು ಹೇಳುತ್ತಾರೆ ಎಂಬುದನ್ನು ಸಂಗ್ರಹಿಸಬೇಕೆಂಬ ಮಾತು ಬಂತು. ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಳಾಗಿ ಮನೆಯಲ್ಲಿ ಕುಳಿತಿರುವ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು.

ಬೇರೆ ಊರಿನಲ್ಲಾದರೆ ಇದು ಸುಲಭದ ಕೆಲಸವಾಗಿರಬಹುದು. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಅದರ ಪರಿಣಾಮದ ಸುದ್ದಿ ಹೊರಗೆ ಹಬ್ಬಿದಂದಿನಿಂದ, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆದ ಮೇಲೆಯೂ, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿದ ಮೇಲೆಯೂ, ನಮ್ಮ ಕಡೆಯ ಮನೆಗಳ ಅಂಗಳಕ್ಕೆ ಕ್ಯಾಮರಾ ಹೊತ್ತುಕೊಂಡು ಬಂದವರಿಗೆ ಲೆಕ್ಕವಿಲ್ಲ. ಹೀಗಾಗಿ ಅಂಗವೈಕಲ್ಯ ಎಂಬುದು ನಮ್ಮೂರವರು ಪರದೆಯ ಮೇಲೆ ಮೊದಲ ಬಾರಿಗೆ ಕಾಣುವ ಸಂಗತಿಯಲ್ಲ. ತಮ್ಮ ಮನೆಯೇ ಚಿತ್ರವಾದದ್ದನ್ನು ಕಂಡವರು ಇಲ್ಲಿದ್ದಾರೆ. ಆದರೆ ಆ ಚಿತ್ರಗಳು ಹೇಗಿದ್ದವು ಎಂದು ಅವರನ್ನು ಕೇಳಿದವರನ್ನು ನಾನು ಕಂಡಿಲ್ಲ.

ಚಿತ್ರದ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ 1932ರಲ್ಲಿ ಹುಟ್ಟಿದ ಕ್ರಿಸ್ಟಿ ಬ್ರೌನ್ ಎಂಬವರಿಗೆ ಮಿದುಳಿನ ತೊಂದರೆಯಿಂದ ಬರುವ ಸೆರೆಬ್ರಲ್ ಪಾಲ್ಸಿ ಇತ್ತು. ಎಡಗಾಲೊಂದನ್ನು ಬಿಟ್ಟರೆ ಮೈಯ ಬೇರಾವ ಭಾಗವೂ ಅವರು ಹೇಳಿದ ಹಾಗೆ ಕೇಳುತ್ತಿರಲಿಲ್ಲ. ಮಾತು ಹೊರಗಿನವರಿಗೆ ಅರ್ಥವಾಗುತ್ತಿರಲಿಲ್ಲ. ಆ ಎಡಗಾಲಿನಿಂದಲೇ ಚಿತ್ರ ಬರೆದರು, ಅಕ್ಷರ ಬರೆದರು, 1954ರಲ್ಲಿ ಆತ್ಮಕಥೆ ಪ್ರಕಟಿಸಿದರು. ಅದನ್ನು ಆಧರಿಸಿ ಜಿಮ್ ಶೆರಿಡನ್ 1989ರಲ್ಲಿ ಈ ಚಿತ್ರವನ್ನು ನಿರ್ದೇಶಿಸಿದರು. ಕ್ರಿಸ್ಟಿಯ ಪಾತ್ರ ಮಾಡಿದ ಡೇನಿಯಲ್ ಡೇ ಲೂಯಿಸ್ ಅವರಿಗೂ ತಾಯಿಯ ಪಾತ್ರ ಮಾಡಿದ ಬ್ರೆಂಡಾ ಫ್ರಿಕರ್ ಅವರಿಗೂ ಆಸ್ಕರ್ ಪ್ರಶಸ್ತಿ ಬಂತು.

ಐರಿಷ್ ಇಂಗ್ಲಿಷು ನನಗೇ ಸರಿಯಾಗಿ ಹಿಡಿಯಲಿಲ್ಲ. ನಾಲ್ಕು ಸಲ ಚಿತ್ರ ನೋಡಿ, ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಿಲ್ಲಿಸಿ ನಿಲ್ಲಿಸಿ ಓದಿ, ಸಂಭಾಷಣೆಯ ಸಾರವನ್ನು ಕನ್ನಡದಲ್ಲಿ ಬರೆದುಕೊಂಡೆ. ಪ್ರದರ್ಶನದ ದಿನ ಪಕ್ಕದಲ್ಲಿ ಕುಳಿತು ಮೈಕಿನಲ್ಲಿ ಮೆಲ್ಲನೆ ಹೇಳುತ್ತಾ ಹೋಗುವುದೆಂದು ನಿಶ್ಚಯವಾಯಿತು. ಕ್ರಿಸ್ಟಿ ಬಾಯಿ ತುಂಬ ಬೈಯುತ್ತಾನೆ. ಆ ಬೈಗುಳಗಳನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಸಮಿತಿಯ ಒಂದು ಸಂಜೆ ಪೂರ್ತಿ ಹೋಯಿತು. ಹೆಂಗಸರು ಮಕ್ಕಳು ಬರುತ್ತಾರೆ, ಬಿಟ್ಟುಬಿಡಿ ಎಂದು ಕಾರ್ಯದರ್ಶಿಗಳು ಹೇಳಿದರು. ಬೈಗುಳ ಬಿಟ್ಟರೆ ಅವನೇ ಉಳಿಯುವುದಿಲ್ಲ ಎಂದು ನಾನು ವಾದಿಸಿದೆ. ಕೊನೆಗೆ ನಮ್ಮ ಪೇಟೆಯಲ್ಲಿ ಲಾರಿಯವರ ಬಾಯಲ್ಲಿ ಬರುವ ಮಾತುಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ಬೈಗುಳಗಳಿಗೆ ಒಪ್ಪಿಗೆ ಸಿಕ್ಕಿತು.

ಅಭಿಪ್ರಾಯ ಪಡೆಯಲು ಒಂದು ಹಾಳೆಯನ್ನೂ ತಯಾರಿಸಿದೆ. ಅದರ ಶಿರೋನಾಮೆಯಲ್ಲಿಯೇ ಮೊದಲ ತೊಡಕು. ‘ಅಂಗವಿಕಲ’ ಎಂದು ಬರೆದರೆ ಒರಟಾಯಿತು ಎಂದರು. ‘ವಿಕಲಚೇತನ’ ಎಂಬುದು ಕರ್ನಾಟಕದ ಸರಕಾರಿ ಮಾತು, ಇಲ್ಲಿ ಯಾರ ಬಾಯಲ್ಲೂ ಇಲ್ಲ. ಕೇರಳದ ಅರ್ಜಿಗಳಲ್ಲಿ ಬರುವುದು ‘ಭಿನ್ನಶೇಷಿ’. ಮಲಯಾಳದಲ್ಲಿ ‘ಶೇಷಿ’ ಎಂದರೆ ಸಾಮರ್ಥ್ಯ. ಕನ್ನಡದವರ ಕಿವಿಗೆ ಅದು ‘ಶೇಷ’ದ ಹಾಗೆ, ಅಳಿದುಳಿದದ್ದು ಎಂಬ ಹಾಗೆ ಕೇಳಿಸುತ್ತದೆ. ಗಡಿನಾಡಿನಲ್ಲಿರುವವರಿಗೆ ಇಂತಹ ಶಬ್ದಗಳ ಜೊತೆ ಬದುಕಿ ಅಭ್ಯಾಸವಿದೆ. ‘ಕ್ರಿಸ್ಟಿ ಬ್ರೌನ್ ಅವರ ಜೀವನಚಿತ್ರದ ಬಗ್ಗೆ’ ಎಂದಷ್ಟೇ ಬರೆದು ಮುಂದೆ ಹೋದೆ. ಮೊದಲನೆಯ ಪ್ರಶ್ನೆ, ‘ಈ ಚಿತ್ರದಿಂದ ನಿಮಗೆ ದೊರೆತ ಸ್ಫೂರ್ತಿ ಯಾವುದು?’ ಉತ್ತರವನ್ನು ಹೊಟ್ಟೆಯೊಳಗೆ ಇಟ್ಟುಕೊಂಡೇ ಹುಟ್ಟಿದ ಪ್ರಶ್ನೆ ಅದು ಎಂಬುದು ಆಗ ಹೊಳೆಯಲಿಲ್ಲ. ಪ್ರಶ್ನೆಪತ್ರಿಕೆ ಬರೆದು ಪಳಗಿದ ಕೈ, ತನ್ನಷ್ಟಕ್ಕೆ ಬರೆಯಿತು.

ಪ್ರದರ್ಶನಕ್ಕೆ ನಿರೀಕ್ಷೆಗಿಂತ ಹೆಚ್ಚು ಜನ ಬಂದರು. ವಿಶೇಷ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಯ ಕೆಲವು ಮಕ್ಕಳನ್ನು ತಾಯಂದಿರು ಕರೆತಂದಿದ್ದರು. ನಮ್ಮ ಪಕ್ಕದ ಗುಡ್ಡದ ಮನೆಯ, ಇಪ್ಪತ್ತರ ಆಚೆಯ ಯುವಕನೊಬ್ಬ ಗಾಲಿಕುರ್ಚಿಯಲ್ಲಿ ಬಂದಿದ್ದ. ಅವನದೂ ಸೆರೆಬ್ರಲ್ ಪಾಲ್ಸಿಯೇ. ಅವನ ಹೆಸರು ಸಂತ್ರಸ್ತರ ಯಾವ ಪಟ್ಟಿಯಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂಬುದು ಈ ಬರಹಕ್ಕೆ ಬೇಡ. ಗ್ರಂಥಾಲಯಕ್ಕೆ ಮೂರು ಮೆಟ್ಟಿಲು. ನಾಲ್ಕು ಜನ ಗಂಡಸರು ಮುಂದೆ ಬಂದು, ‘ಹಿಡಿಯಿರಿ, ಹಿಡಿಯಿರಿ’ ಎಂದು ಕುರ್ಚಿಯ ಸಮೇತ ಅವನನ್ನು ಎತ್ತಿ ಒಳಗಿಟ್ಟರು. ಎಲ್ಲರಿಗೂ ಒಂದು ಬಗೆಯ ಸಂತೋಷವಾಯಿತು. ನನಗೂ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಬಸುರಿ ತಾಯಿ ಮಗನನ್ನು ಹೊತ್ತು ಮಹಡಿಯ ಮೆಟ್ಟಿಲು ಹತ್ತುವ ದೃಶ್ಯ ಬಂದಾಗ ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಬಾಲಕ ಕ್ರಿಸ್ಟಿ ಕಾಲ್ಬೆರಳಿನ ನಡುವೆ ಸುಣ್ಣದ ಕಡ್ಡಿ ಹಿಡಿದು ನೆಲದ ಮೇಲೆ ‘ಮದರ್’ ಎಂದು ಒಂದೊಂದೇ ಅಕ್ಷರ ಬರೆಯುವಾಗ ಇಡೀ ಕೋಣೆ ಉಸಿರು ಬಿಗಿಹಿಡಿಯಿತು. ಅಪ್ಪ ಅವನನ್ನು ಹೆಗಲ ಮೇಲೆ ಎತ್ತಿಕೊಂಡು ಹೋಗಿ ಹೆಂಡದಂಗಡಿಯಲ್ಲಿ ನನ್ನ ಮಗ ಎಂದು ಸಾರುವಾಗ ಚಪ್ಪಾಳೆಯಾಯಿತು. ಅತ್ತವರೂ ಇದ್ದರು. ಗಾಲಿಕುರ್ಚಿಯ ಯುವಕ ಎರಡು ಕಡೆ ಗಟ್ಟಿಯಾಗಿ ನಕ್ಕ. ಆ ಎರಡು ಕಡೆಯೂ ಉಳಿದವರು ಅಳುತ್ತಿದ್ದರು.

ಮುಗಿದ ಮೇಲೆ ಹಾಳೆಗಳು ತುಂಬಿ ಬಂದವು. ಕನ್ನಡದಲ್ಲಿ, ಮಲಯಾಳದಲ್ಲಿ, ಕನ್ನಡ ಲಿಪಿಯ ತುಳುವಿನಲ್ಲಿ, ಒಬ್ಬರು ಹವ್ಯಕ ಭಾಷೆಯಲ್ಲಿ. ಭಾಷೆ ಬೇರೆಯಾದರೂ ಉತ್ತರ ಒಂದೇ: ಮನಸ್ಸಿದ್ದರೆ ಮಾರ್ಗ, ಕೈಕಾಲು ಸರಿಯಿರುವ ನಾವು ನಾಚಬೇಕು, ತಾಯಿಗಿಂತ ದೇವರಿಲ್ಲ. ಮನೆಗೆ ತಂದು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆದಾಗ ಆಗುವ ಬೇಸರವೇ ಆಯಿತು. ತಪ್ಪು ಪ್ರಶ್ನೆ ಕೇಳಿದವಳದ್ದು. ಆದುದರಿಂದ ಹಾಳೆಗಳನ್ನು ಕಟ್ಟಿಟ್ಟು, ಒಂದು ಬರಿಯ ನೋಟುಪುಸ್ತಕ ಹಿಡಿದು, ಬಂದಿದ್ದವರ ಮನೆಗಳಿಗೆ ಹೋಗುವುದೆಂದು ನಿರ್ಧರಿಸಿದೆ. ಕೇಳಿದ್ದು ಒಂದೇ ಪ್ರಶ್ನೆ: ಚಿತ್ರದಲ್ಲಿ ಯಾವುದು ಮನಸ್ಸಿನಿಂದ ಹೋಗಲಿಲ್ಲ? ಮೂರು ವಾರ ಹಿಡಿಯಿತು. ಚಹಾ ಕುಡಿದ ಲೆಕ್ಕ ಬೇಡ.

ಮುರಕಲ್ಲು ಕಟ್ಟುವ ಮೇಸ್ತ್ರಿಯೊಬ್ಬರು ಹಾಳೆಯಲ್ಲಿ ‘ಲಾಯ್ಕುಂಟು’ ಎಂದಷ್ಟೇ ಬರೆದಿದ್ದವರು, ಅಂಗಳದಲ್ಲಿ ಕುಳಿತು ಮುಕ್ಕಾಲು ಗಂಟೆ ಮಾತನಾಡಿದರು. ಕ್ರಿಸ್ಟಿಯ ಅಪ್ಪನೂ ಕಟ್ಟಡದ ಮೇಸ್ತ್ರಿ. ಪ್ರೇಮ ಮುರಿದು ಬಿದ್ದು ಮಗ ಬದುಕೇ ಬೇಡವೆನ್ನುವ ಹೊತ್ತಿಗೆ ತಾಯಿ ಹಿತ್ತಿಲಿನಲ್ಲಿ ಅವನಿಗೊಂದು ಕೋಣೆ ಕಟ್ಟಲು ತಾನೇ ಇಟ್ಟಿಗೆ ಇಡತೊಡಗುತ್ತಾಳೆ; ಅಪ್ಪ ಮತ್ತು ಅಣ್ಣತಮ್ಮಂದಿರು ಆಮೇಲೆ ಕೈ ಹಚ್ಚುತ್ತಾರೆ. ‘ಮನೆಯಲ್ಲಿ ಮೇಸ್ತ್ರಿ ಇದ್ದು, ಅಷ್ಟು ವರ್ಷ ಆ ಹುಡುಗನಿಗೆ ಒಂದು ಕೋಣೆ ಬೇಕೂಂತ ಯಾರಿಗೂ ತಲೆಗೆ ಹೋಗಲಿಲ್ಲ ನೋಡಿ ಟೀಚರ್. ನಾನು ಊರಿಡೀ ಮನೆ ಕಟ್ಟಿದ್ದೇನೆ. ಗಾಲಿಕುರ್ಚಿ ಒಳಗೆ ಹೋಗುವ ಹಾಗೆ ಬಾಗಿಲು ಇಡಿ ಅಂತ ಒಬ್ಬರೂ ಹೇಳಲಿಲ್ಲ, ನಾನೂ ಕೇಳಲಿಲ್ಲ’ ಎಂದರು.

ಯಕ್ಷಗಾನದಲ್ಲಿ ಬಹಳ ಕಾಲ ವೇಷ ಮಾಡಿ ಈಗ ತಾಳಮದ್ದಳೆಗೆ ಮಾತ್ರ ಹೋಗುವ ಹಿರಿಯರೊಬ್ಬರಿದ್ದಾರೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು ಕುಂಬಳೆ ನಮಗೆ ದೂರವಲ್ಲ. ಇಲ್ಲಿ ಆಟ ನೋಡಿದವನಿಗೆಲ್ಲ ವೇಷದ ತೂಕ ಹೇಳಲು ಬರುತ್ತದೆ. ಅವರು ನಟನ ಬಗ್ಗೆಯೇ ಮಾತನಾಡಿದರು. ‘ವೇಷ ಬಹಳ ಲಾಯ್ಕ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ನಮ್ಮಲ್ಲಿ ಗೂನು ಬೆನ್ನೆಂದರೆ ಮಂಥರೆ, ಅದೂ ನಗಿಸಲಿಕ್ಕೆ. ಇವನು ನಗಿಸಿದ್ದೂ ಹೌದು, ಆದರೆ ಬೆನ್ನನ್ನು ನೋಡಿ ನಗುವ ಹಾಗೆ ಮಾಡಲಿಲ್ಲ. ಆದರೂ ಅದು ವೇಷ. ಬೆಳಗಾದ ಮೇಲೆ ಚೌಕಿಗೆ ಹೋಗಿ ಬಣ್ಣ ತೆಗೆಯಲಿಕ್ಕುಂಟು.’ ಡೇ ಲೂಯಿಸ್ ಚಿತ್ರೀಕರಣದ ಹೊತ್ತಿನಲ್ಲಿ ಬಿಡುವಿನಲ್ಲಿಯೂ ಗಾಲಿಕುರ್ಚಿ ಬಿಟ್ಟು ಏಳುತ್ತಿರಲಿಲ್ಲವೆಂದೂ ಚಿತ್ರತಂಡದವರೇ ಅವರಿಗೆ ಊಟ ಉಣಿಸುತ್ತಿದ್ದರೆಂದೂ, ಬರೆಯುವ ಕೆಲಸಗಳು ಅವರ ಬಲಗಾಲಿಗೆ ಮಾತ್ರ ಒಗ್ಗುತ್ತಿದ್ದುದರಿಂದ ಹಲವು ದೃಶ್ಯಗಳನ್ನು ಕನ್ನಡಿಯಲ್ಲಿ ಹಿಡಿದು ಎಡಗಾಲಾಗಿ ತೋರಿಸಿದರೆಂದೂ ನಾನು ಓದಿದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ದೊಡ್ಡದೇ. ಆದರೆ ಉಣಿಸಿದವರಿಗೆ ಸಂಬಳ ಇತ್ತಲ್ಲ?’ ಎಂದರು.

ಉಣಿಸುವವರ ಮಾತು ತಾಯಂದಿರ ಮನೆಗಳಲ್ಲಿ ಬೇರೆ ರೀತಿಯಲ್ಲಿ ಬಂತು. ಕ್ರಿಸ್ಟಿಯ ತಾಯಿ 22 ಸಲ ಹೆತ್ತವಳು, ಉಳಿದ ಮಕ್ಕಳು 13. ನಾನು ಮೈಕಿನಲ್ಲಿ ಅದನ್ನು ಹೇಳಿದಾಗ ಬಾಯಿಯ ಮೇಲೆ ಕೈಯಿಟ್ಟವರೇ ಎಲ್ಲರೂ. ಆಶಾ ಕಾರ್ಯಕರ್ತೆಯೊಬ್ಬರು, ‘ಅವಳು ದೇವರು ಅಂತ ಎಲ್ಲರೂ ಬರೆದಿದ್ದಾರಂತೆ. ದೇವರಿಗೆ ಸೊಂಟ ನೋವು ಬರುವುದಿಲ್ಲ’ ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಮಲಗಿದಲ್ಲೇ ಇರುವ ಮಕ್ಕಳ ಮನೆಗಳಿಗೆ ದಿನವೂ ಹೋಗುವವರು ಅವರು. ಬೆಳೆದ ಮಗನನ್ನು ಎತ್ತಿ ಸ್ನಾನ ಮಾಡಿಸುವ ಇನ್ನೊಬ್ಬ ತಾಯಿ ಎಲ್ಲರೆದುರು ಏನೂ ಹೇಳಲಾರೆ ಎಂದಿದ್ದವರು, ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಹೇಳಿದರು: ‘ಅದರಲ್ಲಿ ಅವನು ಬೈಯುತ್ತಾನೆ, ಕುಡಿಯುತ್ತಾನೆ, ಹೋಟೆಲಿನಲ್ಲಿ ಎಲ್ಲರೆದುರು ರಂಪ ಮಾಡುತ್ತಾನೆ. ನನಗೆ ಅದೇ ಖುಷಿಯಾದದ್ದು. ನಮ್ಮ ಮಕ್ಕಳ ಫೋಟೋ ತೆಗೆದವರು ಎಷ್ಟು ಜನ! ಇವನಿಗೂ ಸಿಟ್ಟು ಬರುತ್ತದೆ ಅಂತ ಒಂದು ಫೋಟೋದಲ್ಲಿ ಇಲ್ಲ.’ ನೋಟುಪುಸ್ತಕದಲ್ಲಿ ಈ ಮಾತಿನ ಅಡಿಯಲ್ಲಿ ನಾನು ಎರಡು ಗೆರೆ ಎಳೆದಿದ್ದೇನೆ.

ಎಲ್ಲರೂ ಮೆಚ್ಚಿದರು ಎಂದಲ್ಲ. ಭಜನಾ ಮಂದಿರದಲ್ಲಿ ಹಾರ್ಮೋನಿಯಂ ನುಡಿಸುವ ಹಿರಿಯರಿಗೆ ಚಿತ್ರ ಹಿಡಿಸಿರಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ಪಂಚಾಕ್ಷರ ಗವಾಯಿಗಳ ಮೇಲೆ ಬಂದ 1995ರ ಕನ್ನಡ ಚಿತ್ರ. ಅದರ ಸಂಗೀತಕ್ಕೆ ಹಂಸಲೇಖರಿಗೂ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದದ್ದನ್ನು ಅವರೇ ನೆನಪಿಸಿದರು. ‘ಅದನ್ನು ನೋಡುವಾಗ ಕೈ ತಾನಾಗಿ ಮುಗಿಯುತ್ತದೆ. ಇದನ್ನು ನೋಡುವಾಗ ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ’ ಎಂದರು. ಇನ್ನೂ ಒಂದು ಮಾತು ಹೇಳಿದರು, ಅದು ತೂಕದ್ದು. ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು ಗದಗಿನಲ್ಲಿ ಕಟ್ಟಿದ ಆಶ್ರಮವನ್ನು, 1944ರಲ್ಲಿ ಅವರು ತೀರಿಕೊಂಡ ಮೇಲೆ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದರು. ಎಷ್ಟೋ ಅಂಧ ಮಕ್ಕಳು ಅಲ್ಲಿ ಅನ್ನದ ಜೊತೆಗೆ ವಿದ್ಯೆಯನ್ನೂ ಪಡೆದರು. ‘ಈ ಐರ್ಲೆಂಡಿನವನ ಹಿಂದೆ ಯಾರೂ ಕಾಣಲಿಲ್ಲವಲ್ಲ’ ಎಂಬುದು ಅವರ ಆಕ್ಷೇಪ. ಕೈ ಎಲ್ಲಿಡಬೇಕೆಂದು ತಿಳಿಯದಿರುವುದು ಚಿತ್ರದ ದೋಷವೆಂದು ನನಗೆ ಅನ್ನಿಸುವುದಿಲ್ಲ. ಎರಡನೆಯ ಮಾತಿಗೆ ಮಾತ್ರ ನನ್ನ ಬಳಿ ಉತ್ತರವಿರಲಿಲ್ಲ.

ಗುಡ್ಡದ ಮನೆಗೆ ಹೋದದ್ದು ಕೊನೆಗೆ. ಯುವಕನ ಮಾತು ತಾಯಿಗೆ ಮತ್ತು ಅಕ್ಕನಿಗೆ ಅರ್ಥವಾಗುತ್ತದೆ. ಹೊರಗಿನವರ ಜೊತೆ ಅವನು ಅಕ್ಷರಗಳ ಹಲಗೆ ಬಳಸುತ್ತಾನೆ. ಬಲಗೈಯ ಬೆರಳಿನ ಗೆಣ್ಣಿನಿಂದ ಅಕ್ಷರ ಮುಟ್ಟುತ್ತಾನೆ. ಕ್ರಿಸ್ಟಿಗೆ 26 ಅಕ್ಷರ ಸಾಕಾಗಿತ್ತು. ಕನ್ನಡಕ್ಕೆ ಅಷ್ಟು ಸಾಲದು: ಸ್ವರ, ವ್ಯಂಜನ, ಮತ್ತೆ ಕಾಗುಣಿತದ ಗುರುತುಗಳು, ಮತ್ತೆ ಒತ್ತು. ಹಲಗೆಯಲ್ಲಿ ಇವಕ್ಕೆಲ್ಲ ಬೇರೆ ಬೇರೆ ಮನೆಗಳಿವೆ, ‘ಕಿ’ ಎನ್ನಲು ಎರಡು ಕಡೆ ಮುಟ್ಟಬೇಕು. ಮಕ್ಕಳಿಗೆ ಕಾಗುಣಿತ ಕಲಿಸಿ ಮುದುಕಿಯಾದ ನನಗೆ ನಮ್ಮ ಲಿಪಿಗೆ ಇಷ್ಟು ದುಡಿಮೆ ಬೇಕೆಂದು ಅಂದೇ ತಿಳಿದದ್ದು.

ಅವನು ‘ಪುಸ್ತಕ ಬೇ’ ಎಂಬಲ್ಲಿಗೆ ಬರುವಷ್ಟರಲ್ಲಿ ನಾನು, ‘ಪುಸ್ತಕ ಬೇಕಾ? ಕ್ರಿಸ್ಟಿ ಬರೆದದ್ದಲ್ಲವೇ? ತರಿಸಿಕೊಡುವ’ ಎಂದುಬಿಟ್ಟೆ. ಅವನು ಕಣ್ಣು ಮುಚ್ಚಿಕೊಂಡ. ತಾಯಿ, ‘ಟೀಚರ್, ಅವನು ಮುಗಿಸಲಿಲ್ಲ’ ಎಂದರು. ಮತ್ತೆ ಮೊದಲಿನಿಂದ ಶುರು ಮಾಡಿದ. ‘ಪುಸ್ತಕ ಬೇಗ ಆಯಿತು.’ ಚಿತ್ರದಲ್ಲಿ ಕ್ರಿಸ್ಟಿಯ ಆತ್ಮಕಥೆ ಸಿದ್ಧವಾಗಲು ಪರದೆಯ ಮೇಲೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ ಎಂಬುದು ಅವನ ದೂರು. ಆಮೇಲೆ ನಾನು ಬಾಯಿ ಬಿಡಲಿಲ್ಲ. ಒಂದೂವರೆ ಗಂಟೆಯಲ್ಲಿ ಅವನು ಹೇಳಿದ್ದು ಇಷ್ಟು: ‘ಪುಸ್ತಕ ಬೇಗ ಆಯಿತು. ಒಂದು ಪುಟಕ್ಕೆ ಎಷ್ಟು ದಿನ, ತೋರಿಸಬೇಕಿತ್ತು. ನಾನು ನಕ್ಕೆ, ನೀವು ಅತ್ತಿರಿ. ಅವನು ಗೋಲು ಕಾಯುವುದು ಇಷ್ಟ. ಮೆಟ್ಟಿಲಲ್ಲಿ ನನ್ನನ್ನು ಕೇಳಲಿಲ್ಲ.’

ಕೊನೆಯ ವಾಕ್ಯ ಚಿತ್ರದ ಕುರಿತದ್ದೆಂದೇ ನಾನು ಮೊದಲು ತಿಳಿದೆ. ತಾಯಿ ಹೊತ್ತು ಮೆಟ್ಟಿಲು ಹತ್ತುವ ದೃಶ್ಯವಿತ್ತಲ್ಲ. ಅವನ ಅಕ್ಕ ಮೆಲ್ಲನೆ, ‘ಗ್ರಂಥಾಲಯದ ಮೆಟ್ಟಿಲು’ ಎಂದಳು.

ಹೊರಡುವ ಮುಂಚೆ ಅವನು ‘ಆಮೇಲೆ’ ಎಂದು ಮುಟ್ಟಿ ತೋರಿಸಿದ. ಚಿತ್ರ ಮೇರಿ ಎಂಬ ದಾದಿಯ ಜೊತೆಗಿನ ಸಂತೋಷದಲ್ಲಿ ಮುಗಿಯುತ್ತದೆ. 1972ರಲ್ಲಿ ಅವರ ಮದುವೆಯಾಯಿತು. 1981ರಲ್ಲಿ, 49ರ ವಯಸ್ಸಿನಲ್ಲಿ, ಊಟ ಮಾಡುವಾಗ ಗಂಟಲಿಗೆ ಸಿಕ್ಕಿ ಕ್ರಿಸ್ಟಿ ತೀರಿಕೊಂಡರು ಎಂದು ಹೇಳಿದೆ. ತಾಯಿ ಎದ್ದು ಒಳಗೆ ಹೋದರು. ಪ್ರತಿಯೊಂದು ತುತ್ತು ಇಳಿಯುವವರೆಗೆ ಕಾಯುವವರ ಕಿವಿಗೆ ಆ ಮಾತು ಹೇಗೆ ಬೀಳುತ್ತದೆ ಎಂದು ಯೋಚಿಸದೆ ಹೇಳಿದೆ. ಕೇಳಿದವನು ಮಗ, ಅವನಿಗೆ ಉತ್ತರ ಸಲ್ಲಬೇಕು ಎಂಬುದೂ ಸರಿ. ಆದರೆ ಹೇಳುವುದಕ್ಕೆ ಬೇರೆ ದಾರಿಯಿತ್ತೇನೋ.

ಜನವರಿಯ ಸಮಿತಿ ಸಭೆಯಲ್ಲಿ ನೋಟುಪುಸ್ತಕವನ್ನು ಓದಿದೆ. ವರದಿಗೆ ‘ಸ್ಫೂರ್ತಿಯ ಸೆಲೆ’ ಎಂದು ಹೆಸರಿಡುವ ಸಲಹೆ ಬಂದಿತ್ತು, ಅದು ಅಲ್ಲಿಯೇ ಬಿದ್ದುಹೋಯಿತು. ಮೆಟ್ಟಿಲಿನ ಮಾತು ಓದಿದಾಗ, ಅಂದು ಕುರ್ಚಿ ಎತ್ತಿದವರಲ್ಲಿ ಇಬ್ಬರು ಅಲ್ಲೇ ಇದ್ದರು. ಒಬ್ಬರಿಗೆ ನೋವಾಯಿತು, ಉಪಕಾರ ಮಾಡಿದ್ದೂ ತಪ್ಪಾಯಿತೇ ಎಂದರು. ಅವರಿಗೆ ಸಮಾಧಾನವಾಗುವ ಹಾಗೆ ಹೇಳಲು ನನ್ನಿಂದ ಆಗಲಿಲ್ಲ. ಮೇಸ್ತ್ರಿಯವರು ಮಾತ್ರ ಎದ್ದು ಹೋಗಿ ಹೊರಗೆ ಟೇಪು ಹಿಡಿದರು. ಮೆಟ್ಟಿಲು ಆರಾರು ಇಂಚಿನವು ಮೂರು, ಒಟ್ಟು 18 ಇಂಚು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಲೆಕ್ಕ. ಅಂದರೆ 18 ಅಡಿ. ರಸ್ತೆಯವರೆಗೆ ಇರುವುದು 11 ಅಡಿ ಜಾಗ. ಸ್ವಲ್ಪ ಕಡಿದಾಗಿ ಮಾಡಿದರೆ ಆಗುತ್ತದೆ, ನಮ್ಮ ಮನೆಗೆ ಬೈಕು ಹತ್ತುವುದು ಹಾಗೆಯೇ ಎಂದು ಯಾರೋ ಹೇಳಿದರು. ಮಾರನೆಯ ದಿನ ಗುಡ್ಡದ ಮನೆಗೆ ಹೋಗಿ ಕೇಳಿದಾಗ ಹಲಗೆಯ ಮೇಲೆ ಬಂದ ಉತ್ತರ ‘ಬೈಕಲ್ಲ’. ಈಗ ಧ್ವಜಕಟ್ಟೆಯ ಪಕ್ಕದಲ್ಲಿ ಒಂದು ತಿರುವು ಕೊಟ್ಟು, ತಿರುವಿನಲ್ಲಿ ಕುರ್ಚಿ ನಿಲ್ಲುವಷ್ಟು ಮಟ್ಟಸದ ಜಾಗ ಬಿಟ್ಟು ಕಟ್ಟುವುದೆಂದಾಗಿದೆ. ಕಲ್ಲು ಬಂದು ಬಿದ್ದಿದೆ.

ಅದೇ ದಿನ ಅವನ ಅಭಿಪ್ರಾಯವನ್ನು ನಾನು ಪುಸ್ತಕಕ್ಕೆ ಇಳಿಸಿದ್ದ ಪ್ರತಿಯನ್ನು ಅವನಿಗೆ ತೋರಿಸಿದೆ. ಅವನ ಐದು ವಾಕ್ಯಗಳು ಹಾಗೆಯೇ ಇದ್ದವು. ಮೇಲೆ ನನ್ನದೊಂದು ಸಾಲಿತ್ತು: ‘ಅಕ್ಷರಗಳ ಹಲಗೆಯ ಮೂಲಕ ಕಷ್ಟಪಟ್ಟು ಹೇಳಿದ್ದು.’ ಅವನು ಓದಿದ. ‘ಕಷ್ಟಪಟ್ಟು’ ಎಂಬ ಶಬ್ದದ ಮೇಲೆ ಬೆರಳಿನ ಗೆಣ್ಣು ಇಟ್ಟು ಎರಡು ಸಲ ಉಜ್ಜಿದ. ಆಮೇಲೆ ಹಲಗೆಯ ಕಡೆಗೆ ಕೈ ಒಯ್ದ. ಒಂಬತ್ತು ಬಾರಿ ಮುಟ್ಟಬೇಕಾಯಿತು, ನಾನು ನಡುವೆ ಊಹಿಸಲಿಲ್ಲ. ‘ನಿಧಾನವಾಗಿ’ ಎಂದು ತಿದ್ದಿ ಬರೆದೆ.